ಇತರೆ

ಸಿಬು ಪೇಟೆಯ ದೊಡ್ಡ ಸಂತೆಯಲ್ಲಿ ನಾನು ಸುಂಕದವನು.
ನನ್ನ ಮುಂದೆ ಯಾರೂ ಸುಖದುಃಖ ಹೇಳಿಕೊಳ್ಳುವುದಿಲ್ಲ.
ಹಣ್ಣಿನ ಹೆಸರು ಹೇಳುತ್ತಾರೆ,
ಬರೆದುಕೊಳ್ಳುತ್ತೇನೆ, ಚೀಟಿ ಹರಿದು ಕೊಡುತ್ತೇನೆ.

ಬೆಳಗಿನ ಐದಕ್ಕೆ ರಜಾಂಗ್ ನದಿಯ ದೋಣಿಗಳು
ಕಾಡನ್ನು ಬುಟ್ಟಿ ಬುಟ್ಟಿಯಾಗಿ ಇಳಿಸುತ್ತವೆ.
ಹಳೇ ಪತ್ರಿಕೆ ಸುತ್ತಿಸಿಕೊಂಡ ಕೋಳಿಗಳು, ಕತ್ತು ಮಾತ್ರ ಹೊರಗೆ,
ಸಾಲಾಗಿ ಕೂತು ನಿನ್ನೆಯ ಸುದ್ದಿಯೊಳಗಿಂದ
ನನ್ನನ್ನು ನೋಡುತ್ತವೆ.

ದಬಾಯ್ ಗೊತ್ತು: ಮಸಿ ಬಣ್ಣ, ಹೆಬ್ಬೆರಳ ಗಾತ್ರ,
ಉಗುರುಬೆಚ್ಚಗಿನ ನೀರಲ್ಲಿ ನೆನೆಸಬೇಕು;
ಅವಸರಪಟ್ಟು ಕುದಿನೀರು ಸುರಿದರೆ
ಮುನಿಸಿಕೊಂಡು ಕಲ್ಲಾಗುತ್ತದೆ.
ಎಂಕಲ ಗೊತ್ತು, ಇಸಾವ್ ಗೊತ್ತು,
ಮೈಯೆಲ್ಲ ಮುಳ್ಳುಗೂದಲಿನ ತರಪ್ ಗೊತ್ತು;
ಅದು ಬಂದದ್ದು ಕಣ್ಣಿಗಿಂತ ಮೂಗಿಗೆ ಮೊದಲು.

ಆ ಮಂಗಳವಾರ ಇಂದಾಯ್ ಸುಲಾವ್ ತಂದದ್ದು ಗೊತ್ತಿರಲಿಲ್ಲ.

ಬಾಳೆಲೆಯ ಮೇಲೆ ಹನ್ನೊಂದು.
ಕೋಳಿಮೊಟ್ಟೆಗಿಂತ ತುಸು ದಪ್ಪ, ಕಂದು,
ಮೇಲೆ ನಾಯಿಮರಿಯ ಕಿವಿಯಂಥ ನವಿರು.
"ಹೆಸರೇನು?"
"ನನಗೇನು ಗೊತ್ತು, ಮರ ಹೇಳಲಿಲ್ಲ."
"ತಿನ್ನಬಹುದು ಅಂತ?"
"ಕೋತಿ ತಿಂದಿತ್ತು. ಮಾರನೇ ದಿನವೂ ಅದೇ ಕೋತಿ ಬಂತು.
ಆಮೇಲೆ ತುಟಿಗೆ ಸವರಿಕೊಂಡು
ಒಂದು ಬುಟ್ಟಿ ಹೆಣೆಯುವಷ್ಟು ಹೊತ್ತು ಕಾದೆ.
ತುಟಿ ತುಟಿಯಾಗಿಯೇ ಇತ್ತು."

ಬಾತುಕೋಳಿ ಮಾರುವ ಮುದುಕ ಟಿಯೊಂಗ್ ಬಂದ, ಮೂಸಿದ,
ಫೂಚೌ ಮಾತಿನಲ್ಲಿ ಒಂದು ಹೆಸರು ಉಗುಳಿದ.
ಸಾಗು ಹಿಟ್ಟಿನ ಲಾಮಿಯಾ, "ಅಲ್ಲವೇ ಅಲ್ಲ,
ಮುಕಾದಲ್ಲಿ ನಮ್ಮಜ್ಜಿಯ ಮನೆ ಹಿಂದೆ, ಸಮುದ್ರದ ಬದಿಗೆ..."
ಎಂದು ಶುರುಮಾಡಿ
ಅಜ್ಜಿಯ ಹತ್ತಿರವೇ ಉಳಿದುಬಿಟ್ಟಳು.
ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್ ಒಬ್ಬಳು ಪಟ ತೆಗೆದಳು.
ಫೋನು ಸ್ವಲ್ಪ ಯೋಚಿಸಿ
ಆಲೂಗಡ್ಡೆ ಎಂದಿತು.

ಇಂದಾಯ್ ಸುಲಾವ್ ಯಾರಿಗೂ ಕಿವಿಗೊಡದೆ
ಹಣ್ಣಿನ ಹೊಲಿಗೆಗೆ ಹೆಬ್ಬೆರಳು ಒತ್ತಿ ಇಬ್ಭಾಗ ಮಾಡಿದಳು.
ಒಳಗೆ ಮೂರು ತೊಳೆ, ಹಾಲುಗಾಜಿನ ಹಾಗೆ.
"ತಿನ್ನು. ಸುಂಕ ಆಮೇಲೆ."

ಮೊದಲು ಒಗರು.
ನಾಲಿಗೆಗೆ ಯಾರೋ ಸುಣ್ಣ ಬಳಿದಂತೆ, ಕೆನ್ನೆ ಒಳಸೇರಿತು.
ಉಗುಳಲು ಜಾಗ ಹುಡುಕುವಷ್ಟರಲ್ಲಿ ಹುಳಿ,
ಕಿವಿಯ ಕೆಳಗೆ ಚುಳ್ ಎನ್ನುವ ಹುಳಿ,
ಅದರ ಹಿಂದೆ, ತಡೆಯಿರಿ, ಅದಕ್ಕೆ ಮಾತು ಹುಡುಕುತ್ತಿದ್ದೇನೆ,
ಬಿಸಿಲಿಗೆ ತಗಡಿನ ಮಾಡು ಆರುವ ವಾಸನೆಗೆ
ರುಚಿಯೊಂದು ಇದ್ದಿದ್ದರೆ.
ಸಿಹಿಯೇ? ಸಿಹಿಯಲ್ಲ.
ಸಿಹಿ ಈಗಷ್ಟೇ ಎದ್ದುಹೋದ ಜಾಗ,
ಇನ್ನೂ ಬೆಚ್ಚಗಿತ್ತು.

ಚೀಟಿಯಲ್ಲಿ ಹೆಸರಿನ ಕಾಲಂ ಖಾಲಿ ಬಿಡುವಂತಿಲ್ಲ.
ಪಟ್ಟಿಯಲ್ಲಿಲ್ಲದ ಎಲ್ಲದಕ್ಕೂ ಕಚೇರಿ ಕೊಟ್ಟ ಪದ ಒಂದೇ: ಇತರೆ.
ಹದಿನೇಳು ವರ್ಷ ಬರೆದಿದ್ದೇನೆ, ಕಣ್ಣುಮುಚ್ಚಿ.
ಇವತ್ತು ಪೆನ್ನು ನಿಂತಿತು.

ಹತ್ತೊಂಬತ್ತರಲ್ಲಿ ಸಮುದ್ರ ದಾಟಿ ಜೊಹೋರಿಗೆ ಓದಲು ಹೋದಾಗ
ಹಾಸ್ಟೆಲಿನ ಅರ್ಜಿಯಲ್ಲಿ ಜನಾಂಗದ ಎದುರು ಮೂರು ಚೌಕ, ಮೂರು ಹೆಸರು.
ಮೆಲನಾವ್ ಎಲ್ಲಿ ಎಂದೆ.
ಕಿಟಕಿಯ ಆಚೆಯವನು, ಕೆಟ್ಟವನಲ್ಲ, ತಲೆಯೆತ್ತದೆ
ನಾಲ್ಕನೆಯ ಚೌಕ ತೋರಿಸಿದ.
ಗೀಟು ಹಾಕಿದೆ. ಸುಲಭವಿತ್ತು.
ಅವನು ನನ್ನನ್ನು ಮೂಸಿಯೂ ನೋಡಲಿಲ್ಲ.

"ಏನಂತ ಬರೆಯಲಿ?" ಎಂದೆ.
ಅವಳು ಚಿಲ್ಲರೆ ಎಣಿಸುತ್ತಿದ್ದಳು.
"ಐವತ್ತು ಸೆನ್‌ಗೆ ಎಷ್ಟುದ್ದ ಬರುತ್ತದೋ ಅಷ್ಟು."

ಬರೆದೆ: ಇಂದಾಯ್ ಸುಲಾವ್ ತಂದದ್ದು, ಕಂದು, ಮೂರು ತೊಳೆ,
ಮೊದಲು ಒಗರು, ಉಗುಳಬಾರದು.
ಕಾಲಂ ಸಾಲದೆ ಅಂಚಿಗೆ ಹೋಯಿತು,
ಅಂಚು ಸಾಲದೆ ಚೀಟಿಯ ಬೆನ್ನಿಗೆ.
ನಾಳೆ ಮೇಲಿನವರು ಕೇಳುತ್ತಾರೆ. ಕೇಳಲಿ.

ಎಲೆಯ ಮೇಲೆ ಉಳಿದದ್ದು ಒಂಬತ್ತು.
ಒಂದನ್ನು ನರ್ಸ್ ಕೊಂಡುಹೋದಳು,
ಆಲೂಗಡ್ಡೆಯ ದರಕ್ಕೆ ಚೌಕಾಸಿ ಮಾಡಿ.